ಓದುಗರ ಪ್ರಶ್ನೆ: ಬೆಂಕಿ ಬೀಳದ ದಿನ ಫೈರ್ ಸ್ಟೇಷನ್‌ನಲ್ಲಿ ಏನ್ ನಡೆಯತ್ತೆ?

ಬೆಂಗಳೂರಿನ ಅಗ್ನಿಶಾಮಕ ದಳದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ವಿ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಏಣಿ ಎಷ್ಟುದ್ದ, ಗಾಡಿ ಎಷ್ಟೊತ್ತಿಗೆ ಬರತ್ತೆ, ಅಷ್ಟೇ. ಬೆಂಕಿ ಬೀಳದ ಹಾಗೆ ಇಲಾಖೆ ಏನ್ ಮಾಡತ್ತೆ ಅಂತ ಕೇಳಿದವರು ಬೆರಳೆಣಿಕೆ ಜನ. ನಾನು ದಳದ ಯೂನಿಫಾರಂ ಕಳಚಿ ಸುಮಾರು ವರ್ಷ ಆಯ್ತು, ಆದ್ರೂ ಆ ಬೆರಳೆಣಿಕೆ ಪತ್ರಗಳೇ ನಂಗೆ ಖುಷಿ ಕೊಟ್ಟಿದ್ದು, ಹಾಗಾಗಿ ಅವೇ ಮೊದಲು.

ಪ್ರಶ್ನೆ: ನಮ್ಮ ಏರಿಯಾ ಫೈರ್ ಸ್ಟೇಷನ್ ಮುಂದೆ ಯಾವಾಗ ಹೋದ್ರೂ ಗಾಡಿ ನಿಂತಿರತ್ತೆ, ಹುಡುಗ್ರು ವಾಲಿಬಾಲ್ ಆಡ್ತಿರ್ತಾರೆ. ಬೇಜಾರ್ ಮಾಡ್ಕೋಬೇಡಿ, ಬೆಂಕಿ ಇಲ್ದಿರೋ ದಿನ ಅವರಿಗೆ ಏನ್ ಕೆಲಸ? (ರಾಜಾಜಿನಗರದ ಓದುಗರು)

ವಾಲಿಬಾಲ್ ಆಡ್ತಾರೆ, ಸುಳ್ಳಲ್ಲ. ಸಂಜೆ ಹೊತ್ತು ನೋಡಿರ್ತೀರಿ. ಬೆಳಿಗ್ಗೆ ಹೋಗಿ ನೋಡಿ, ಪರೇಡ್ ಇರತ್ತೆ, ಪಂಪ್ ಸ್ಟಾರ್ಟ್ ಮಾಡಿ ಪ್ರೆಷರ್ ನೋಡ್ತಾರೆ, ಹೋಸ್ ಬಿಚ್ಚಿ ಸುತ್ತಿ ಮತ್ತೆ ಬಿಚ್ಚಿ ಸುತ್ತಿ ಕೈಗೆ ಅಭ್ಯಾಸ ಮಾಡಿಸ್ತಾರೆ, ಟ್ಯಾಂಕ್ ತುಂಬಿದ್ಯಾ, ಏಣಿ ಸರಿಯಾಗಿ ಜಾರತ್ತಾ ಅಂತ ನೋಡ್ತಾರೆ. ಇದು ಬೆಂಕಿ ಬಿದ್ಮೇಲಿನ ಕೆಲಸಕ್ಕೆ ತಯಾರಿ ಅಷ್ಟೇ.

ನೀವು ಕೇಳಿದ್ದು ಬೀಳೋಕ್ ಮುಂಚಿನ ಕೆಲಸ ಅಲ್ವಾ, ಅದು ಜಾಸ್ತಿ ಪೇಪರ್ ಮೇಲೆ ಮತ್ತೆ ಬೇರೆಯವರ ಕಟ್ಟಡದ ಮೆಟ್ಟಿಲ ಮೇಲೆ ನಡೆಯತ್ತೆ, ಅದಕ್ಕೇ ನಿಮ್ ಕಣ್ಣಿಗೆ ಬೀಳಲ್ಲ. ದೊಡ್ಡ ಕಟ್ಟಡದ ಪ್ಲಾನ್ ಬಂದ್ರೆ ಕೂತು ನೋಡ್ಬೇಕು, ಕಟ್ಟಿದ್ಮೇಲೆ ಹೋಗಿ ಪ್ಲಾನಲ್ಲಿ ತೋರ್ಸಿದ್ದು ನೆಲದ ಮೇಲೆ ಇದೆಯಾ ನೋಡ್ಬೇಕು, ಆಸ್ಪತ್ರೆ, ಸ್ಕೂಲು, ಮಾಲು, ಚಿತ್ರಮಂದಿರಕ್ಕೆ ತಪಾಸಣೆಗೆ ಹೋಗ್ಬೇಕು, ಅಲ್ಲಿಯ ಸೆಕ್ಯೂರಿಟಿಯವರಿಗೆ ಎಕ್ಸ್‌ಟಿಂಗ್ವಿಷರ್ ಹಿಡಿಯೋದು ಹೇಳ್ಕೊಡ್ಬೇಕು. ದೊಡ್ಡ ಜಾತ್ರೆ, ಸಮಾವೇಶ ಅಂದ್ರೆ ಗಾಡಿ ಸಮೇತ ಹೋಗಿ ನಿಂತ್ಕೊಬೇಕು, ಏನೂ ಆಗ್ಲಿಲ್ಲ ಅಂದ್ರೆ ಅವತ್ತಿನ ಕೆಲಸ ಚೆನ್ನಾಗಾಯ್ತು ಅಂತ ಅರ್ಥ. ಈ ಅಧಿಕಾರ ಎಲ್ಲ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ 1964ರಿಂದ ಬಂದಿದ್ದು.

ಇನ್ನು ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ಕ್ಕೆ ಬಾಂಬೆ ಬಂದರಲ್ಲಿ ಫೋರ್ಟ್ ಸ್ಟಿಕೀನ್ ಅನ್ನೋ ಹಡಗು ಸಿಡಿದು, ಬೆಂಕಿ ಆರಿಸೋಕೆ ಹೋದ ನಮ್ಮ ಕೆಲಸದವರೇ 66 ಜನ ಹೋಗ್ಬಿಟ್ರು. ಆ ಹಡಗಲ್ಲಿ ಹತ್ತಿ ಮೂಟೆನೂ ಸ್ಫೋಟಕನೂ ಒಟ್ಟಿಗೆ ಇಟ್ಟಿದ್ರು. ಹತ್ತಿ ಪಕ್ಕ ಮದ್ದು! ನಮ್ ಕೆಲಸದ ವರ್ಷದ ಲೆಕ್ಕ ಶುರುವಾಗೋದೇ ಆ ದಿನದಿಂದ.

ಪ್ರಶ್ನೆ: ನಮ್ಮದು ಹನ್ನೆರಡು ಫ್ಲೋರ್ ಅಪಾರ್ಟ್‌ಮೆಂಟ್. ಬಿಲ್ಡರ್ ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದೆ ಅಂತ ಕೊಟ್ಟಿದಾರೆ, ಫೈಲ್‌ನಲ್ಲಿ ಭದ್ರವಾಗಿದೆ. ನಾವು ಅಸೋಸಿಯೇಷನ್‌ನವರು ಇನ್ನೇನಾದ್ರೂ ಮಾಡ್ಬೇಕಾ? (ಕನಕಪುರ ರಸ್ತೆಯ ಓದುಗರು)

ಫೈಲ್‌ನಲ್ಲಿ ಭದ್ರವಾಗಿದೆ ಅನ್ನೋದೇ ನಂಗೆ ಭಯ ಹುಟ್ಸತ್ತೆ ಸರ್. ಮೊದಲನೇ ಎನ್‌ಒಸಿ ಕೊಡೋದು ಕಟ್ಟೋಕ್ ಮುಂಚೆ, ಅದು ಪ್ಲಾನ್ ನೋಡಿ ಕೊಟ್ಟ ಒಪ್ಪಿಗೆ. ಕಟ್ಟಿ ಮುಗಿದ್ಮೇಲೆ ಇನ್ನೊಂದು ಸಲ ಬಂದು, ಪಂಪ್ ಓಡ್ಸಿ, ನೀರು ಬಿಟ್ಟು ನೋಡಿ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡ್ತಾರೆ. ಆಮೇಲೆ ಅದನ್ನ ಎರಡು ವರ್ಷಕ್ಕೊಮ್ಮೆ ನವೀಕರಿಸ್ಬೇಕು. ನಿಮ್ ಫೈಲ್‌ನಲ್ಲಿ ಈ ಮೂರ್ರಲ್ಲಿ ಯಾವುದಿದೆ ಅಂತ ಇವತ್ತೇ ತೆಗೆದು ನೋಡಿ, ಬಹಳ ಕಡೆ ಮೊದಲನೇದು ಮಾತ್ರ ಇರತ್ತೆ.

ತಪಾಸಣೆಗೆ ಬಂದವರು ಏನ್ ನೋಡ್ತಾರೆ ಅಂದ್ರೆ, ಮೊದಲು ಗೇಟು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮತ್ತೆ ಅದಕ್ಕಿಂತ ಎತ್ತರದ್ದು ಹೈರೈಸ್, ಅದರ ಸುತ್ತ ಕಮ್ಮಿ ಅಂದ್ರೂ 6 ಮೀಟರ್ ಜಾಗ ಬಿಟ್ಟಿರ್ಬೇಕು, ಆ ಜಾಗ 45 ಟನ್ ತೂಕದ ಗಾಡಿ ಹತ್ತಿದ್ರೂ ಕುಸೀಬಾರ್ದು. ಇಲ್ಲೊಂದು ಸೂಕ್ಷ್ಮ ಇದೆ. ನಿಮ್ ಕಟ್ಟಡದ ಸುತ್ತ ಇರೋ ನೆಲ ನಿಜವಾಗ್ಲೂ ನೆಲನಾ, ಇಲ್ಲ ಕೆಳಗಿನ ಬೇಸ್‌ಮೆಂಟ್ ಪಾರ್ಕಿಂಗ್‌ನ ಮಾಳಿಗೆನಾ? ಮಾಳಿಗೆ ಆದ್ರೆ ಆ ಸ್ಲ್ಯಾಬ್ ಅಷ್ಟು ತೂಕಕ್ಕೆ ಡಿಸೈನ್ ಆಗಿರ್ಬೇಕು. ಪ್ಲಾನಲ್ಲಿ ಆಗಿರತ್ತೆ, ಆಮೇಲೆ ಅದರ ಮೇಲೆ ಲಾನು, ಜೋಕಾಲಿ, ಕಲ್ಲಿನ ಬೆಂಚು, ಒಂದು ಪುಟ್ಟ ಗಣಪತಿ ಗುಡಿ ಎಲ್ಲ ಬಂದು ಕೂತ್ಕೊಳ್ಳತ್ತೆ, ಉಳಿದ ಜಾಗದಲ್ಲಿ ವಿಸಿಟರ್ಸ್ ಪಾರ್ಕಿಂಗ್ ಅಂತ ಬಣ್ಣದಲ್ಲಿ ಗೆರೆ ಎಳೀತಾರೆ. ನಮ್ ಗಾಡಿ ಗೇಟಲ್ಲೇ ನಿಂತ್ಕೊಳ್ಳತ್ತೆ.

ಆಮೇಲೆ ಪಂಪ್ ರೂಮು. ವೆಟ್ ರೈಸರ್ ಅಂತ ಕೆಂಪು ಪೈಪು ಎಲ್ಲಾ ಫ್ಲೋರಿಗೂ ಹೋಗಿರತ್ತಲ್ಲ, ಅದರಲ್ಲಿ ಯಾವಾಗ್ಲೂ ನೀರು ಪ್ರೆಷರ್‌ನಲ್ಲಿ ನಿಂತಿರ್ಬೇಕು. ಜಾಕಿ ಪಂಪ್ ಅನ್ನೋ ಚಿಕ್ಕ ಪಂಪ್ ಆ ಪ್ರೆಷರ್ ಕಾಯತ್ತೆ, ವಾಲ್ವ್ ತೆಗೆದ ತಕ್ಷಣ ದೊಡ್ಡ ಪಂಪ್ ತಾನಾಗೇ ಶುರು ಆಗ್ಬೇಕು, ಕರೆಂಟ್ ಹೋದ್ರೆ ಡೀಸೆಲ್ ಪಂಪ್. ಆದ್ರೆ ಎಲ್ಲೋ ಒಂದು ಕಡೆ ಸಣ್ಣ ಲೀಕ್ ಇದ್ರೆ ಜಾಕಿ ಪಂಪ್ ಪದೇ ಪದೇ ಓಡತ್ತೆ, ಸೌಂಡ್ ಆಗತ್ತೆ, ಕರೆಂಟ್ ಬಿಲ್ ಬರತ್ತೆ, ಯಾರೋ ಹೋಗಿ ಸ್ವಿಚ್ಚನ್ನ ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗ್ಸಿ ಬರ್ತಾರೆ. ಅಲ್ಲಿಗೆ ಕಥೆ ಮುಗೀತು. ನಾನು ಹೋದ ಎಷ್ಟೋ ಕಡೆ ಪೈಪು ಹೊಳೀತಿರತ್ತೆ, ಹೊಸ ಪೇಂಟು, ಒಳಗೆ ಗಾಳಿ. ಒಂದು ಕಡೆ ಅಂತೂ ಹೋಸ್ ಬಾಕ್ಸ್ ತೆಗೆದ್ರೆ ಪೊರಕೆ, ಫಿನಾಯಿಲ್ ಡಬ್ಬ ಇತ್ತು, ಹೌಸ್‌ಕೀಪಿಂಗ್‌ನವರು ಪಾಪ ಇನ್ನೆಲ್ಲಿ ಇಡ್ತಾರೆ.

ಮೂರನೇದು ಮೆಟ್ಟಿಲು. ಮೆಟ್ಟಿಲಿಗೆ ಹೋಗೋ ಬಾಗಿಲು ಫೈರ್ ಡೋರ್ ಆಗಿದ್ರೆ ಅದು ತಾನಾಗೇ ಮುಚ್ಕೋಬೇಕು, ಹೊಗೆ ಮೆಟ್ಟಿಲಿಗೆ ನುಗ್ಗಬಾರ್ದು ಅಂತ ಇರೋದು ಅದು. ಗಾಳಿ ಬರ್ಲಿ ಅಂತ ಅದಕ್ಕೆ ಹೂಕುಂಡ ಅಡ್ಡ ಇಡೋದು ಯಾವ ಫ್ಲೋರು ಅಂತ ನಿಮಗೇ ಗೊತ್ತಿರತ್ತೆ. ಮೆಟ್ಟಿಲ ಲ್ಯಾಂಡಿಂಗ್‌ನಲ್ಲಿ ಶೂ ರ್‍ಯಾಕು, ಹಳೇ ಪೇಪರ್ ಕಟ್ಟು, ಮಕ್ಕಳ ಸೈಕಲ್ಲು ಇದ್ರೆ ಅದನ್ನೂ ಬರ್ಕೊಳ್ತಾರೆ.

ಇಲಾಖೆಯವರು ನಿಮ್ ಕಟ್ಟಡಕ್ಕೆ ಎರಡು ವರ್ಷಕ್ಕೆ ಒಂದು ದಿನ ಬರ್ತಾರೆ, ಮಿಕ್ಕ ಏಳ್ನೂರು ಚಿಲ್ಲರೆ ದಿನ ಅದು ನಿಮ್ ಕೈಲೇ ಇರತ್ತೆ, ಇದನ್ನ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಹೇಳಿ.

ಪ್ರಶ್ನೆ: ಕಾರ್ಲ್‌ಟನ್ ಟವರ್ಸ್ ಬೆಂಕಿ ಅಂತ ಆಗಾಗ ಕೇಳ್ತೀವಿ, ಆಗ ನಾನು ಇನ್ನೂ ಸ್ಕೂಲಲ್ಲಿದ್ದೆ. ಅವತ್ತು ಏನಾಯ್ತು, ಆಮೇಲೆ ಏನ್ ಬದಲಾಯ್ತು? (ಇಂದಿರಾನಗರದ ಓದುಗರು)

2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರಸ್ತೆ, ಮಧ್ಯಾಹ್ನ ಆಫೀಸ್ ಟೈಮು. ಬೆಂಕಿ ಅಂಥಾ ದೊಡ್ಡದೇನಲ್ಲ. ಕರೆಂಟ್ ಕೇಬಲ್ ಹೋಗೋ ಡಕ್ಟ್‌ನಲ್ಲಿ ಹೊತ್ಕೊಂಡಿದ್ದು. ಆ ಡಕ್ಟ್ ಕೆಳಗಿಂದ ಮೇಲಿನವರೆಗೂ ಒಂದು ಚಿಮಣಿ ಥರ ಇತ್ತು, ಕೇಬಲ್ ಪ್ಲಾಸ್ಟಿಕ್ ಸುಟ್ಟ ಹೊಗೆ ಮೇಲಿನ ಫ್ಲೋರುಗಳಿಗೆಲ್ಲ ತುಂಬ್ಕೊಂಡ್ಬಿಡ್ತು. ಎಮರ್ಜೆನ್ಸಿ ಬಾಗಿಲು ತೆಗೆಯೋಕಾಗ್ಲಿಲ್ಲ, ಬೀಗ ಹಾಕಿತ್ತು ಅಂತ ಆಗ ಪೇಪರಲ್ಲೆಲ್ಲ ಬಂತು. ಉಸಿರು ಕಟ್ಟಿದ ಜನ ಕಿಟಕಿ ಗಾಜು ಒಡೆದು ಹಾರಿದ್ರು. ಒಟ್ಟು ಒಂಬತ್ತು ಜನ ಹೋದ್ರು. ಅವತ್ತು ಊರಿಗೆ ಊರೇ ಟಿವಿಯಲ್ಲಿ ನೋಡ್ತು.

ನಮ್ ಕೆಲಸದಲ್ಲಿ ಇರೋರಿಗೆ ಗೊತ್ತಿರೋ ಮಾತು, ಆದ್ರೆ ಹೊರಗಿನವರು ನಂಬಲ್ಲ. ಸುಟ್ಟು ಸಾಯೋರಿಗಿಂತ ಹೊಗೆ ಕುಡಿದು ಸಾಯೋರೇ ಜಾಸ್ತಿ. ಅದಕ್ಕೇ ಪ್ರತಿ ಫ್ಲೋರಲ್ಲೂ ಕೇಬಲ್ ಹೋಗೋ ತೂತನ್ನ ಬೆಂಕಿ ತಡೆಯೋ ಸಾಮಗ್ರಿಯಿಂದ ಮುಚ್ಚಿರ್ಬೇಕು ಅಂತ ಕಟ್ಟಡ ಸಂಹಿತೆ ಹೇಳೋದು. ಹೊಸ ಇಂಟರ್ನೆಟ್ ಕೇಬಲ್ ಎಳೆಯೋ ಹುಡುಗ ಅದನ್ನ ಒಡೆದು ಕೇಬಲ್ ಎಳ್ಕೊಂಡು ಹೋಗ್ತಾನೆ, ವಾಪಸ್ ಮುಚ್ಚೋರು ಯಾರು? ನಿಮ್ ಆಫೀಸ್ ಎಲೆಕ್ಟ್ರಿಕಲ್ ಡಕ್ಟ್ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ, ಕೆಳಗಿನ ಫ್ಲೋರ್ ಬೆಳಕು ಕಂಡ್ರೆ ಹೊಗೆನೂ ಅದೇ ದಾರೀಲಿ ಬರತ್ತೆ.

ಬದಲಾಗಿದ್ದು ಏನು ಅಂದ್ರೆ, ತೀರ್ಕೊಂಡವರ ಮನೆಯವರು, ಬದುಕಿ ಬಂದವರು ಸೇರಿ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿ ಬೆನ್ನು ಹತ್ತಿದ್ರು. 2011ರಲ್ಲಿ ಸರ್ಕಾರ ಅಗ್ನಿಶಾಮಕ ದಳ ಕಾಯ್ದೆಯ 13ನೇ ಸೆಕ್ಷನ್ ಕೆಳಗೆ ಅಧಿಸೂಚನೆ ಹೊರಡಿಸಿ ಎತ್ತರದ ಕಟ್ಟಡದ ಮಾಲೀಕರು, ಅಲ್ಲಿ ಇರೋರು ಏನೇನ್ ಮುನ್ನೆಚ್ಚರಿಕೆ ತಗೋಬೇಕು ಅಂತ ಹೇಳ್ತು. ಅದಕ್ಕೂ ಮುಂಚೆ ಪರಿಸ್ಥಿತಿ ಹೆಂಗಿತ್ತು ಅಂದ್ರೆ ಎನ್‌ಒಸಿ ಕೊಟ್ಟು ಬಂದ್ಮೇಲೆ ಆ ಕಟ್ಟಡದ ಕಡೆ ತಿರುಗಿ ನೋಡೋ ಪದ್ಧತಿನೇ ಗಟ್ಟಿಯಾಗಿ ಇರ್ಲಿಲ್ಲ.

ಪ್ರಶ್ನೆ: ಇಲಾಖೆ ಹತ್ರ 90 ಮೀಟರ್ ಏಣಿ ಇದೆಯಂತೆ. ಅಂದ್ಮೇಲೆ ಎತ್ತರದ ಕಟ್ಟಡದವರು ಯಾಕೆ ಹೆದರ್ಬೇಕು? (ಹೆಬ್ಬಾಳದ ಓದುಗರು)

ಇದೆ, 2023ರಲ್ಲಿ ಬಂತು. ಭಾರೀ ಗಾಡಿ, ನೋಡೋಕೆ ಹಬ್ಬ. ಆದ್ರೆ ಅದು ನಿಂತ್ಕೊಳ್ಳೋಕೆ ಗಟ್ಟಿ ನೆಲ ಬೇಕು, ನಾಲ್ಕೂ ಕಡೆ ಕಾಲು ಚಾಚೋಕೆ ಜಾಗ ಬೇಕು, ಮೇಲೆ ವೈರು, ಮರದ ಕೊಂಬೆ ಇರ್ಬಾರ್ದು, ಮತ್ತೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬರ್ಬೇಕು. ಚಿಕ್ಕಪೇಟೆ, ನಗರ್ತಪೇಟೆ ಗಲ್ಲಿಗೆ ಅದಿರ್ಲಿ ಸಾದಾ ಗಾಡಿನೇ ಹೋಗಲ್ಲ, ದೂರದಲ್ಲಿ ನಿಲ್ಸಿ ಹೋಸ್ ಎಳ್ಕೊಂಡು ಹೋಗ್ಬೇಕು. ಎತ್ತರದಲ್ಲಿರೋರಿಗೆ ಏಣಿ ಕೊನೇ ದಾರಿ. ಮೊದಲನೇ ದಾರಿ ಮೆಟ್ಟಿಲು, ಅದಾಗ್ಲಿಲ್ಲ ಅಂದ್ರೆ 24 ಮೀಟರ್‌ಗಿಂತ ಎತ್ತರದ ಕಟ್ಟಡದಲ್ಲಿ ರೆಫ್ಯೂಜ್ ಏರಿಯಾ ಅಂತ ತೆರೆದ ಜಾಗ ಬಿಟ್ಟಿರ್ತಾರೆ, ಅಲ್ಲಿ ಹೋಗಿ ನಿಲ್ಲೋದು. ಆ ಜಾಗನ ಯಾರೂ ಜಿಮ್ ಮಾಡ್ಕೊಂಡಿಲ್ಲ ತಾನೇ?

ಪ್ರಶ್ನೆ: ಕಳ್ಳರ ಕಾಟ, ಪಾರಿವಾಳದ ಕಾಟ ಅಂತ ಬಾಲ್ಕನಿಗೆ ಪೂರ್ತಿ ಗ್ರಿಲ್ ಹಾಕ್ಸಿದೀವಿ. ಮಗ ಅಮೆರಿಕದಿಂದ ವಿಡಿಯೋ ಕಾಲ್‌ನಲ್ಲಿ ನೋಡಿ ತೆಗೆಸಿ ಅಂತ ಬೈತಾನೆ. ಯಾರದು ಸರಿ? (ಜಯನಗರದ ಗೃಹಿಣಿ)

ಇಬ್ಬರದೂ ಅಮ್ಮಾ. 2021ರ ಸೆಪ್ಟೆಂಬರ್‌ನಲ್ಲಿ ಬೇಗೂರು ಹತ್ರ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್‌ನಲ್ಲಿ ಬೆಂಕಿ ಬಿದ್ದಾಗ ಇಬ್ಬರು ಹೆಂಗಸರು ಬಾಲ್ಕನಿವರೆಗೂ ಬಂದಿದ್ರು, ಗ್ರಿಲ್ ದಾಟೋಕಾಗ್ಲಿಲ್ಲ. ಎದುರಿಗಿದ್ದ ಜನ ನೋಡ್ತಾ ನಿಂತಿದ್ರು, ಯಾರಿಗೂ ಏನೂ ಮಾಡೋಕಾಗ್ಲಿಲ್ಲ. ಅದರ ಬಗ್ಗೆ ನಾನು ಹೆಚ್ಚು ಬರೆಯಲ್ಲ.

ಪೂರ್ತಿ ತೆಗೆಸ್ಬೇಕಿಲ್ಲ. ವೆಲ್ಡಿಂಗ್‌ನವರನ್ನ ಕರ್ಸಿ ಒಬ್ಬ ಮನುಷ್ಯ ನುಸುಳೋ ಅಷ್ಟು ಒಂದು ಬಾಗಿಲು ಮಾಡ್ಸಿ, ಒಳಗಿಂದ ಚಿಲಕ. ಬೀಗ ಹಾಕ್ಲೇಬೇಕು ಅಂದ್ರೆ ಕೀ ಅಲ್ಲೇ ಗೋಡೆ ಮೇಲೆ, ಹೊರಗಿಂದ ಕೈಗೆ ಎಟುಕದ ಕಡೆ ಮೊಳೆಗೆ ನೇತು ಹಾಕಿ, ಬೀರು ಒಳಗಲ್ಲ. ಮನೆಯಲ್ಲಿರೋ ಎಲ್ಲರೂ, ಕೆಲಸದವರೂ ಸೇರಿ, ಕಣ್ಣು ಮುಚ್ಕೊಂಡು ಅದನ್ನ ಒಂದು ಸಲ ತೆಗೆದು ನೋಡ್ಲಿ, ಹೊಗೆಯಲ್ಲಿ ಕಣ್ಣು ಇದ್ದೂ ಇಲ್ದಂಗೇ.

ಪ್ರಶ್ನೆ: ನಾವು ನಾಲ್ಕು ಫ್ಲೋರಿನ ಕಟ್ಟಡದಲ್ಲಿ ಪಿಜಿ ನಡೆಸ್ತೀವಿ. ಎತ್ತರದ ಲೆಕ್ಕಕ್ಕೆ ಬರಲ್ಲ, ಫೈರ್‌ನವರ ತಂಟೆ ಇಲ್ಲ ಅಂತ ಇಂಜಿನಿಯರ್ ಹೇಳ್ತಾರೆ. ಹೌದಾ? (ಹೆಸರು, ಊರು ಬೇಡ ಅಂದಿದಾರೆ)

ಕಾಗದದ ಲೆಕ್ಕಕ್ಕೆ ನಿಮ್ ಇಂಜಿನಿಯರ್ ಹೇಳಿದ್ದು ಸರಿನೇ ಇರ್ಬಹುದು, ನಂಗೆ ನಿಮ್ ಪ್ಲಾನ್ ಗೊತ್ತಿಲ್ಲ. ಬೆಂಕಿ ಪ್ಲಾನ್ ನೋಡ್ಕೊಂಡು ಬರಲ್ಲ.

ಬೆಂಗಳೂರಲ್ಲಿ ನಂಗೆ ಅತೀ ಹೆಚ್ಚು ಭಯ ಇರೋದು ಇಂಥಾ ಕಟ್ಟಡಗಳ ಬಗ್ಗೇನೇ, ಮೂವತ್ತು ಫ್ಲೋರಿನ ಟವರ್ ಬಗ್ಗೆ ಅಲ್ಲ. ಕೆಳಗೆ ಸ್ಟಿಲ್ಟ್ ಪಾರ್ಕಿಂಗು, ಅಲ್ಲೇ ಗೋಡೆ ಮೇಲೆ ಹತ್ತಾರು ಕರೆಂಟ್ ಮೀಟರ್ ಬೋರ್ಡು, ಅದಕ್ಕೆ ಒತ್ತಿ ನಿಂತ ಇಪ್ಪತ್ತು ಸ್ಕೂಟರು, ಅದರ ಪಕ್ಕದಿಂದಲೇ ಹತ್ತೋ ಒಂದೇ ಒಂದು ಮೆಟ್ಟಿಲು. ಮೀಟರ್ ಬೋರ್ಡಲ್ಲಿ ಕಿಡಿ ಬಂದ್ರೆ ಸ್ಕೂಟರಿಗೆ, ಸ್ಕೂಟರಿಂದ ಹೊಗೆ ಮೆಟ್ಟಿಲಿಗೆ, ಮೇಲಿರೋ ಐವತ್ತು ಹುಡುಗ್ರು ಇಳಿಯೋ ದಾರೀನೇ ಚಿಮಣಿ. ಟೆರೇಸಿಗೆ ಹೋಗೋಣ ಅಂದ್ರೆ ಹುಡುಗ್ರು ಸಿಗರೇಟ್ ಸೇದ್ತಾರೆ ಅಂತ ಓನರ್ ಬೀಗ ಹಾಕಿರ್ತಾರೆ. 2018ರ ಜನವರಿಯಲ್ಲಿ ಕಲಾಸಿಪಾಳ್ಯದಲ್ಲಿ ಬಾರ್ ಒಳಗೆ ಮಲಗಿದ್ದ ಐದು ಜನ ಕೆಲಸಗಾರರು ರಾತ್ರಿ ಬೆಂಕಿಗೆ ಸಿಕ್ಕಿ ಹೋದ್ರಲ್ಲ, ಅದೇನು ಗಗನಚುಂಬಿ ಕಟ್ಟಡನಾ?

ಸ್ಕೂಟರ್ ಮತ್ತೆ ಮೀಟರ್ ಬೋರ್ಡ್ ಮಧ್ಯ ಜಾಗ ಬಿಡ್ಸಿ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಪಾಯಿಂಟ್ ಮೆಟ್ಟಿಲ ಕೆಳಗೆ ಕೊಡ್ಲೇಬೇಡಿ, ರೂಮಿಗೆ ಬ್ಯಾಟರಿ ತಗೊಂಡು ಹೋಗಿ ಬಾಗಿಲ ಹತ್ರ ಚಾರ್ಜಿಗೆ ಹಾಕೋದು ನಿಲ್ಸಿ. ಲಿಥಿಯಂ ಬ್ಯಾಟರಿ ಒಂದು ಸಲ ಒಳಗಿಂದ ಬಿಸಿಯಾಗಿ ಹೊತ್ಕೊಂಡ್ರೆ ಆರಿದ್ಮೇಲೂ ಮತ್ತೆ ಹೊತ್ಕೊಳ್ಳತ್ತೆ, ಚಿಕ್ಕ ಎಕ್ಸ್‌ಟಿಂಗ್ವಿಷರ್‌ಗೆ ಬಗ್ಗಲ್ಲ. ಸ್ಟೇಷನ್‌ಗೆ ಹೋಗಿ ನೀವೇ ಕೇಳಿ, ಒಂದ್ಸಲ ಬಂದು ನೋಡಿ ಹೇಳಿ ಅಂತ. ತಂಟೆ ಅನ್ಕೋಬೇಡಿ.

ಪ್ರಶ್ನೆ: ಮನೆಗೆ ಎಕ್ಸ್‌ಟಿಂಗ್ವಿಷರ್ ತಗೊಳೋಣ ಅಂತಿದೀವಿ, ಯಾವ್ದು ತಗೋಬೇಕು? ಬಳಸೋದು ಹೆಂಗೆ? (ಮೈಸೂರಿನ ಓದುಗರು)

ಎಬಿಸಿ ಪೌಡರ್, ಐಎಸ್‌ಐ ಮಾರ್ಕ್ ಇರೋದು, ನಾಲ್ಕು ಕೆಜಿ ಸಾಕು. ಅದರ ಪ್ರೆಷರ್ ಮೀಟರಿನ ಮುಳ್ಳು ಹಸಿರಲ್ಲಿ ಇದೆಯಾ ಅಂತ ತಿಂಗಳಿಗೊಂದ್ಸಲ ನೋಡಿ. ಪಿನ್ ಎಳೀರಿ, ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿ ಅದುಮಿ, ಆ ಕಡೆ ಈ ಕಡೆ ಆಡ್ಸಿ. ಎಲ್ಲರೂ ಜ್ವಾಲೆಯ ತುದಿಗೆ ಹೊಡೀತಾರೆ, ಪೌಡರ್ ಹದಿನೈದಿಪ್ಪತ್ತು ಸೆಕೆಂಡಲ್ಲಿ ಖಾಲಿ. ಬೆನ್ನ ಹಿಂದೆ ಬಾಗಿಲು ಇರೋ ಹಾಗೆ ನಿಂತ್ಕೊಳ್ಳಿ, ಆರ್ಲಿಲ್ಲ ಅಂದ್ರೆ ಬಿಸಾಕಿ ಹೊರಗೆ ನಡೀರಿ.

ಅಡಿಗೆಮನೇಲಿ ಇಡೋದಾದ್ರೆ ಒಲೆ ಪಕ್ಕ ಬೇಡ, ಬಾಗಿಲ ಹತ್ರ ಇಡಿ. ಬಾಂಡ್ಲಿಯ ಎಣ್ಣೆ ಹೊತ್ಕೊಂಡ್ರೆ ಎಕ್ಸ್‌ಟಿಂಗ್ವಿಷರೂ ಬೇಡ, ಒಲೆ ಆಫ್ ಮಾಡಿ ಮೇಲೊಂದು ತಟ್ಟೆ ಮುಚ್ಚಿ, ಮುಟ್ಟದೆ ಬಿಡಿ. ನೀರು ಮಾತ್ರ ಹಾಕ್ಬೇಡಿ. ನೀರು ಆವಿ ಆದಾಗ ಸುಮಾರು 1,700 ಪಟ್ಟು ಹಿಗ್ಗತ್ತೆ, ಉರಿಯೋ ಎಣ್ಣೆನ ಛಾವಣಿಗೆ ಎರಚತ್ತೆ. ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಮುಟ್ಬೇಡಿ, ಹಾಕೋದೂ ಬೇಡ ಆರಿಸೋದೂ ಬೇಡ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೀರಿ, ಎಲ್‌ಪಿಜಿ ಗಾಳಿಗಿಂತ ಭಾರ ಆದ್ರಿಂದ ನೆಲದ ಹತ್ರ ನಿಂತಿರತ್ತೆ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿಗೆ 112 ಅಥವಾ ಹಳೇ 101.

ಪ್ರಶ್ನೆ: ಮಾಲ್‌ನಲ್ಲಿ ಒಂದು ಕಡೆ ಬೆಂಕಿ ಬಿದ್ರೆ ಎಲ್ಲಾ ಸ್ಪ್ರಿಂಕ್ಲರೂ ಒಟ್ಟಿಗೆ ಮಳೆ ಸುರಿಸ್ತಾವಾ? ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ. (ಹತ್ತನೇ ಕ್ಲಾಸ್ ಹುಡುಗಿ, ತುಮಕೂರು)

ಇಲ್ಲ ಪುಟ್ಟಿ, ಸಿನಿಮಾದವರು ಹೀರೋನ ನೆನಸೋಕೆ ಹಾಗೆ ಮಾಡ್ತಾರೆ. ಪ್ರತಿ ಸ್ಪ್ರಿಂಕ್ಲರ್ ತಲೇಲಿ ಒಂದು ಗಾಜಿನ ಬಲ್ಬ್ ಇರತ್ತೆ, ಕೆಂಪು ದ್ರವ ಇರೋದಾದ್ರೆ 68 ಡಿಗ್ರಿ ಬಿಸಿಗೆ ಒಡೆಯತ್ತೆ, ಯಾವುದು ಒಡೆಯತ್ತೋ ಅದರಿಂದ ಮಾತ್ರ ನೀರು. ಮುಂದಿನ ಸಲ ಮಾಲ್‌ಗೆ ಹೋದಾಗ ತಲೆ ಎತ್ತಿ ನೋಡು, ಕೆಂಪು ಚುಕ್ಕಿ ಕಾಣತ್ತೆ.

ಪ್ರಶ್ನೆ: 1981ರ ವೀನಸ್ ಸರ್ಕಸ್ ಡೇರೆಯ ಬೆಂಕಿ ದುರಂತದ ದಿನ ನಾನು ಬೆಂಗಳೂರಲ್ಲೇ ಇದ್ದೆ, ಇವತ್ತಿಗೂ ಪೆಂಡಾಲ್ ನೋಡಿದ್ರೆ ಎದೆ ಡವಡವ ಅನ್ನತ್ತೆ. ಈಗ ಗಣೇಶನ ಪೆಂಡಾಲು, ಪಟಾಕಿ ಅಂಗಡಿಗಳನ್ನ ಯಾರಾದ್ರೂ ನೋಡ್ತಾರಾ? (ನಿವೃತ್ತ ಶಿಕ್ಷಕರು, ಮಲ್ಲೇಶ್ವರ)

ಮೇಷ್ಟ್ರೇ, ಫೆಬ್ರವರಿ 7. ತೊಂಬತ್ತೆರಡು ಜೀವ, ಹೆಚ್ಚಿನವು ಮಕ್ಕಳು. ನಮ್ ಸೀನಿಯರ್‌ಗಳು ಆ ದಿನದ ಬಗ್ಗೆ ಮಾತಾಡ್ತಾನೇ ಇರ್ಲಿಲ್ಲ, ಕೇಳಿದ್ರೆ ಎದ್ದು ಹೋಗ್ತಿದ್ರು.

ನೋಡ್ತಾರೆ. ಗಣೇಶನ ಪೆಂಡಾಲ್‌ಗೆ ಪೊಲೀಸ್, ಪಾಲಿಕೆ, ಬೆಸ್ಕಾಂ ಜೊತೆ ಅಗ್ನಿಶಾಮಕದ ಒಪ್ಪಿಗೆನೂ ಬೇಕು. ಸಿಂಥೆಟಿಕ್ ಬಟ್ಟೆ ಬೇಡ, ಕರೆಂಟ್ ಲೈನ್ ಕೆಳಗೆ ಬೇಡ, ಪ್ರಸಾದದ ಒಲೆ ಪೆಂಡಾಲ್ ಒಳಗೆ ಬೇಡ, ಜನ ಹೊರಗೆ ಹೋಗೋಕೆ ಬೇರೆ ದಾರಿ ಇರ್ಲಿ ಅಂತ ಹೇಳ್ತಾರೆ. ಪಟಾಕಿ ಮಳಿಗೆಗಳನ್ನ ಈಗ ಮೈದಾನದಲ್ಲಿ ಹಾಕ್ಸೋದು ಯಾಕೆ ಅಂದ್ರೆ ಸ್ಫೋಟಕ ನಿಯಮಗಳು 2008ರ ಪ್ರಕಾರ ತಾತ್ಕಾಲಿಕ ಶೆಡ್‌ಗಳ ಮಧ್ಯ 3 ಮೀಟರ್ ಇರ್ಬೇಕು, ಎದುರುಬದುರು ಇರ್ಬಾರ್ದು, ಒಂದೇ ಕಡೆ 50ಕ್ಕಿಂತ ಜಾಸ್ತಿ ಇರ್ಬಾರ್ದು. ಒಂದಕ್ಕೆ ಬಿದ್ರೆ ಎದುರಿಂದಕ್ಕೆ ನೇರ ಹಾರತ್ತೆ, ಅದಕ್ಕೆ ಎದುರುಬದುರು ಬೇಡ ಅನ್ನೋದು. ಇಷ್ಟೆಲ್ಲ ಇದ್ದೂ 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಗೋಡೌನ್‌ನಲ್ಲಿ ಹದಿನಾಲ್ಕಕ್ಕೂ ಹೆಚ್ಚು ಜನ ಹೋದ್ರು. ಮೈದಾನದ ಶೆಡ್ಡು ಎಲ್ಲರಿಗೂ ಕಾಣತ್ತೆ, ಹೆದ್ದಾರಿ ಪಕ್ಕದ ಶಟರ್ ಒಳಗೆ ಎಷ್ಟು ಮೂಟೆ ಇದೆ ಅಂತ ಕಾಣಲ್ಲ.

ಪ್ರಶ್ನೆ: ನಮ್ಮ ಲೇಔಟ್‌ನ ಅಪಾರ್ಟ್‌ಮೆಂಟ್‌ನಲ್ಲಿ ಮಾಕ್ ಡ್ರಿಲ್ ಮಾಡ್ಸೋಕೆ ಯಾರನ್ನ ಕೇಳ್ಬೇಕು? ಹೇಗಿರತ್ತೆ? (ಯಲಹಂಕದ ಓದುಗರು)

ಹತ್ತಿರದ ಸ್ಟೇಷನ್‌ಗೆ ಒಂದು ಲೆಟರ್ ಕೊಡಿ, ಠಾಣಾಧಿಕಾರಿ ದಿನ ಹೇಳ್ತಾರೆ, ಗಾಡಿ ಸಮೇತ ಬರ್ತಾರೆ. ಮಧ್ಯದಲ್ಲಿ ಎಮರ್ಜೆನ್ಸಿ ಕಾಲ್ ಬಂದ್ರೆ ಅರ್ಧಕ್ಕೇ ಬಿಟ್ಟು ಹೋಗ್ತಾರೆ, ಬೇಜಾರ್ ಮಾಡ್ಕೋಬೇಡಿ. ಭಾನುವಾರ ಬೆಳಿಗ್ಗೆ ಇಡ್ಸಿ, ಎಲ್ಲರೂ ಮನೇಲಿರ್ತಾರೆ. ಅಲಾರಂ ಹೊಡೆದ ಮೇಲೆ ಕೊನೇ ಮನುಷ್ಯ ಕೆಳಗೆ ಬರೋಕೆ ಎಷ್ಟು ನಿಮಿಷ ಆಯ್ತು ಅಂತ ಯಾರಾದ್ರೂ ಟೈಮ್ ಬರ್ಕೊಳ್ಳಿ. ಲಿಫ್ಟಲ್ಲಿ ಇಳಿದು ಬಂದು ನಗ್ತಾ ನಿಲ್ಲೋರು ನಾಲ್ಕು ಜನ ಇದ್ದೇ ಇರ್ತಾರೆ, ಅವರನ್ನ ವಾಪಸ್ ಕಳ್ಸಿ ಮೆಟ್ಟಿಲಲ್ಲಿ ಇಳಿಸಿ. ಎಂಟನೇ ಫ್ಲೋರಿನ ಮಂಡಿನೋವಿನ ಅಜ್ಜಿನ ಯಾರು ಇಳಿಸ್ತಾರೆ ಅನ್ನೋದು ಅವತ್ತೇ ತೀರ್ಮಾನ ಆಗ್ಬೇಕು. ರಾತ್ರಿ ಪಾಳಿ ವಾಚ್‌ಮ್ಯಾನ್‌ನ ತಪ್ಪದೆ ಕರೀರಿ, ಕೀ ಗೊಂಚಲು ಇರೋದು ಅವರ ಹತ್ರ. ಇನ್ನೊಂದು, ಟೆರೇಸ್ ಬಾಗಿಲು ಅವತ್ತೊಂದು ದಿನ ಮುಂಚಿತವಾಗಿ ತೆಗೆದಿಡ್ಬೇಡಿ. ದಿನಾ ಹೆಂಗಿರತ್ತೋ ಹಂಗೇ ಇರ್ಲಿ, ಹತ್ಕೊಂಡು ಹೋದವರು ಏನ್ ಹೇಳ್ತಾರೆ ನೋಡಿ.